ಗಣಕಯಂತ್ರದ ಕುಂದಿದ ವೇಗ

ಮಡಿಕೇರಿಯ ವಾಚಕರೊಬ್ಬರ ಪ್ರಶ್ನೆ: ಕಾಫಿ ತೋಟದ ಲೆಕ್ಕವಿಡುವ ಹಳೆಯ ಗಣಕಯಂತ್ರದಲ್ಲಿರುವುದು ‘ಅಥ್ಲಾನ್ ಎಕ್ಸ್‌ಪಿ 2000+’ ಪ್ರೊಸೆಸರ್. ಮಳೆಗಾಲ ಕಳೆದ ಮೇಲೆ ತೆರೆಯಲ್ಲಿ 1250 ಮೆಗಾಹರ್ಟ್ಸ್ ಎಂದು ಕಾಣುತ್ತಿದೆ. ಪ್ರೊಸೆಸರ್ ಕೆಟ್ಟಿದೆ, ಹೊಸ ಯಂತ್ರ ಕೊಳ್ಳಿರೆನ್ನುತ್ತಾರೆ ಅಂಗಡಿಯವರು. ಕೊಳ್ಳಬೇಕೆ?

ಬೇಡ. 2000 ಎಂಬುದು ವೇಗವೇ ಅಲ್ಲ, ಎ.ಎಂ.ಡಿ. ಸಂಸ್ಥೆಯವರು ಕೊಟ್ಟ ಹೋಲಿಕೆಯ ಅಂಕ. ನಿಜವಾದ ವೇಗ 1667. ಮದರ್‌ಬೋರ್ಡಿನ ಮೂಲ ಮಿಡಿತ 133.33 ಅನ್ನು ಪ್ರೊಸೆಸರಿನ ಗುಣಕ 12.5 ರಿಂದ ಗುಣಿಸಿದರೆ ಬರುವುದು ಇದೇ. ಮಿಡಿತ 100ಕ್ಕೆ ಇಳಿದರೆ 1250! ಇಳಿದದ್ದೇಕೆ? ಕಕ್ಕಡದ ಮಳೆಗೆ ಮರ ಬಿದ್ದು ದಿನಗಟ್ಟಲೆ ವಿದ್ಯುತ್ತಿಲ್ಲದಾಗ, ಬಯಾಸಿನ ನೆನಪನ್ನು ಕಾಯುವುದು ಸಿ.ಆರ್. 2032 ಎಂಬ ನಾಣ್ಯದಾಕಾರದ ಬ್ಯಾಟರಿಯೊಂದೇ. ಅದು ಸೋತರೆ ಬಯಾಸ್ ತನ್ನ ಅಪಾಯವಿಲ್ಲದ ಕಡಿಮೆ ಅಂಕಕ್ಕೆ ಮರಳುವುದುಂಟು. ಗಡಿಯಾರವೂ ಹಿಂದಿನ ವರ್ಷಗಳಿಗೆ ಜಾರಿದ್ದರೆ ಸಂಶಯವೇ ಬೇಡ.

ಯಂತ್ರದ ವಿದ್ಯುತ್ ತಂತಿ ಕಳಚಿ ಬ್ಯಾಟರಿ ಬದಲಿಸಿರಿ. ಯಂತ್ರ ಆರಂಭವಾಗುತ್ತಲೇ ‘ಡಿಲೀಟ್’ ಕೀಲಿಯನ್ನೊತ್ತಿ ಬಯಾಸನ್ನು ಹೊಕ್ಕು, ಸಿ.ಪಿ.ಯು. ಅಥವಾ ಎಫ್.ಎಸ್.ಬಿ. ಕ್ಲಾಕ್ ಎಂಬಲ್ಲಿ 133 ಇಟ್ಟು, ದಿನಾಂಕ ತಿದ್ದಿ, ಉಳಿಸಿ ಹೊರಬನ್ನಿರಿ. ಕೆಲವು ಬೋರ್ಡುಗಳಲ್ಲಿ ಪುಟ್ಟ ಜಂಪರನ್ನು ಸರಿಸಿ ಈ ಅಂಕ ಬದಲಿಸಬೇಕು. ಕೈಪಿಡಿ ನೋಡುವುದು ಮೇಲು. ಆಸೆಪಟ್ಟು 166 ಇಟ್ಟೀರಿ, ಜೋಕೆ! ವೇಗ 2083ಕ್ಕೇರಿ ಯಂತ್ರ ಕಾದು ನಿಲ್ಲುವ ಸಂಭವವೇ ಹೆಚ್ಚು. ಈ ನಡುವೆ ಬರೆದ ಲೆಕ್ಕಗಳಲ್ಲಿ ತಪ್ಪು ದಿನಾಂಕ ಬಿದ್ದಿದ್ದರೆ ಅದನ್ನು ಮಾತ್ರ ನೀವೇ ಕುಳಿತು ತಿದ್ದಬೇಕಾದೀತು.