ಬಿಸಿಲು ಬಿಟ್ಟಿ, ತಂಪು ದುಬಾರಿ

ರಾಯಚೂರಿಗೆ ಬಿಸಿಲು ಹೊಸದಲ್ಲ. ಏಪ್ರಿಲ್ ಹುಟ್ಟಿತೆಂದರೆ ಪಾರಾ 40 ಮುಟ್ಟುತ್ತದೆ, ಮೇ ತಿಂಗಳಲ್ಲಿ 42 ದಾಟುವ ದಿನಗಳೂ ಉಂಟು. ತೀನ್ ಕಂದೀಲ್ ಸುತ್ತಿನ ವ್ಯಾಪಾರಿಗೂ, ಬಸ್ ನಿಲ್ದಾಣದಲ್ಲಿ ಮಾನ್ವಿ, ಸಿಂಧನೂರಿನ ಗಾಡಿಗೆ ಕಾಯುವ ಪ್ರಯಾಣಿಕನಿಗೂ ಇದು ರೂಢಿಯಾದ ಸಂಗತಿ. ತಲೆಗೆ ಟವೆಲ್ ಸುತ್ತಿಕೊಂಡು, ಮಜ್ಜಿಗೆ ಕುಡಿದು ಹಗಲು ಕಳೆಯುವುದು ಇಲ್ಲಿನ ಜನಕ್ಕೆ ಗೊತ್ತು.

ಗೊತ್ತಾಗದಿರುವುದು ರಾತ್ರಿ ಕಳೆಯುವ ಬಗೆ. ಹಿಂದೆ ಸಂಜೆ ಮಾಳಿಗೆಗೆ ನೀರು ಚಿಮುಕಿಸಿ ಚಾಪೆ ಹಾಸಿದರೆ ಬೆಳಗಿನ ಜಾವಕ್ಕೆ ಹೊದಿಕೆ ಹುಡುಕಬೇಕಾಗುತ್ತಿತ್ತು. ಈಗ ನಾಲ್ಕೂ ಕಡೆ ಮನೆಗಳೆದ್ದು ಗಾಳಿ ಆಡದಂತಾಗಿದೆ. ಹಗಲೆಲ್ಲ ಕಾದ ಆರ್‌ಸಿಸಿ ನಡುರಾತ್ರಿಯವರೆಗೂ ಝಳ ಬಿಡುತ್ತಲೇ ಇರುತ್ತದೆ. “ಫ್ಯಾನ್ ಹಾಕಿದ್ರ ಬಿಸಿ ಗಾಳಿನ ಬರ್ತದರೀ” ಎಂಬ ಮಾತು ಪ್ರತಿ ಓಣಿಯಲ್ಲೂ ಕೇಳಿಬರುತ್ತದೆ. ಎಳೆ ಕೂಸು, ವಯಸ್ಸಾದವರು, ಬಾಣಂತಿ ಇರುವ ಮನೆಯಲ್ಲಿ ಇದು ಬರೀ ಸೆಕೆಯ ಮಾತಾಗಿ ಉಳಿಯುವುದಿಲ್ಲ, ಜೀವಕ್ಕೇ ಕುತ್ತು ತರಬಲ್ಲದು.

ಹೀಗಾಗಿ ಒಂದು ಕಾಲಕ್ಕೆ ಡಾಕ್ಟರು, ಸಾವಕಾರರ ಮನೆಗಷ್ಟೇ ಸೀಮಿತವಾಗಿದ್ದ ಸ್ಪ್ಲಿಟ್ ಏಸಿ ಕಿರಾಣಿ ಅಂಗಡಿಯವರ ಮನೆಗೂ ಕಾಲಿಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ಏಸಿ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಕಂತಿನ ಸೌಲಭ್ಯವಂತೂ ಎಲ್ಲ ಅಂಗಡಿಯಲ್ಲೂ ಉಂಟು. ಕೊಂಡವರನ್ನು ಯಾರೂ ದೂರುವಂತಿಲ್ಲ. ಆದರೆ ಕೊಂಡ ಮರು ತಿಂಗಳು ಮೀಟರ್ ಓದುವವನು ಚೀಟಿ ಕೈಗಿಟ್ಟಾಗ, “ಸೊನ್ನಿ ಬಿಲ್ ಬರ್ತಿತ್ತು, ಈಗ ಹದಿನೆಂಟುನೂರು ಬಂದದ, ಮೀಟರ್ ಕೆಟ್ಟದೇನೋ” ಎಂದು ತಕರಾರು ಶುರುವಾಗುತ್ತದೆ.

ಮೀಟರ್ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಲೆಕ್ಕ.

2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆಗೊಂಡ ಗೃಹಜ್ಯೋತಿ ಯೋಜನೆಯ ನಿಯಮವನ್ನು ಬಹಳ ಜನ ಅರ್ಧವಷ್ಟೇ ತಿಳಿದಿದ್ದಾರೆ. 200 ಯೂನಿಟ್ ಎಲ್ಲರಿಗೂ ಬಿಟ್ಟಿ ಎಂಬುದು ತಪ್ಪು ತಿಳಿವಳಿಕೆ. 2022-23ರಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಬಳಸಿದ್ದಕ್ಕೆ ಶೇಕಡಾ 10 ಸೇರಿಸಿದರೆ ಬರುವಷ್ಟೇ ಆ ಮನೆಯ ಪಾಲು. ಆಗ ನೂರು ಬಳಸಿದ್ದರೆ ಈಗ 110 ಬಿಟ್ಟಿ. ಅದಕ್ಕೆ ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು. ಬಳಕೆ 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ಹೆಗಲೇರುತ್ತದೆ. 199ಕ್ಕೂ 201ಕ್ಕೂ ನಡುವೆ ಇರುವುದು ಎರಡು ಯೂನಿಟ್, ಆದರೆ ಹಣದಲ್ಲಿ ಅದು ಸಾವಿರದ ಮಾತು.

ಮನೆ ಬಳಕೆಯ ದರ 2025ರ ಏಪ್ರಿಲ್‌ನಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆಗೆ ನಿಗದಿಯಾಯಿತು. ಪಿಂಚಣಿ ಸರ್‌ಚಾರ್ಜು, ತೆರಿಗೆ ಕೂಡಿಸಿದರೆ ಆರೂವರೆ ರೂಪಾಯಿಯ ಆಸುಪಾಸು ಬೀಳುತ್ತದೆ. ನಿಗದಿತ ಶುಲ್ಕ ಬೇರೆ. ಮೇಲೆ ಹೇಳಿದ 110 ಯೂನಿಟ್ ಪಾಲಿನ ಮನೆಯನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಅದರ ಬಳಕೆ 130 ಆಗುತ್ತದೆ. ಒಂದು ಟನ್ನಿನ ಇನ್ವರ್ಟರ್ ಏಸಿ ರಾತ್ರಿ ಎಂಟು ತಾಸಿಗೆ ನಾಲ್ಕು ಯೂನಿಟ್ ಎಂದು ಹಿಡಿದರೂ ತಿಂಗಳಿಗೆ 120. ಒಟ್ಟು 250. ಬಿಲ್ಲು ಸಾವಿರದ ಎಂಟುನೂರು ಮೀರುತ್ತದೆ.

ಈಗ ಅದೇ ಮನೆಯಲ್ಲಿ ಎರಡು ಬದಲಾವಣೆ ಮಾಡಿ ನೋಡಬೇಕು. ಹಳೇ ಫ್ಯಾನು 75 ವ್ಯಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿಗೆ ಅಷ್ಟೇ ಗಾಳಿ ಕೊಡುತ್ತದೆ. ಮೂರು ಫ್ಯಾನು, ದಿನಕ್ಕೆ ಹನ್ನೆರಡು ತಾಸು ಎಂದರೆ ತಿಂಗಳಿಗೆ 48 ಯೂನಿಟ್ ಉಳಿಯಿತು. ಏಸಿಯನ್ನು 24ರ ಬದಲು 26ಕ್ಕಿಟ್ಟು ಜೊತೆಗೆ ಫ್ಯಾನ್ ನಿಧಾನಕ್ಕೆ ತಿರುಗಿಸಿದರೆ ಇನ್ನೊಂದು 14 ಯೂನಿಟ್ ಉಳಿತಾಯ. ಒಂದೊಂದು ಡಿಗ್ರಿ ಏರಿಸಿದರೆ ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 250 ಇದ್ದದ್ದು 188ಕ್ಕಿಳಿಯಿತು. 200ರ ಗೆರೆಯೊಳಗೆ ಬಂತು. ಪಾಲಿನ 110 ಕಳೆದು ಉಳಿದ 78 ಯೂನಿಟ್ಟಿಗಷ್ಟೇ ಹಣ. ಐನೂರರ ಆಸುಪಾಸು. ಏಸಿ ಅದೇ, ತಂಪು ಅದೇ. ಬಿಲ್ಲು ಮೂರರಲ್ಲಿ ಒಂದು ಪಾಲು.

ಏಸಿ ಎಂದರೇನು ಎಂಬುದು ತಿಳಿದರೆ ಉಳಿದದ್ದೂ ತಿಳಿಯುತ್ತದೆ. ಹೊಲದ ಪಂಪ್‌ಸೆಟ್ ನೀರನ್ನು ಹುಟ್ಟಿಸುವುದಿಲ್ಲ, ಇದ್ದ ನೀರನ್ನು ಕೆಳಗಿನಿಂದ ಮೇಲಕ್ಕೆತ್ತುತ್ತದೆ. ಏಸಿಯೂ ಹಾಗೆಯೇ, ಕೋಣೆಯೊಳಗಿನ ಶಾಖವನ್ನು ಎತ್ತಿ ಹೊರಗೆ ಚೆಲ್ಲುತ್ತದೆ. ಚಳಿ ದೇಶಗಳಲ್ಲಿ ಇದೇ ಯಂತ್ರವನ್ನು ತಿರುಗಾಮುರುಗಾ ನಡೆಸಿ, ಹೊರಗಿನ ಶಾಖವನ್ನು ಒಳಕ್ಕೆಳೆದು ಮನೆ ಬೆಚ್ಚಗಿಡುತ್ತಾರೆ. ಅಲ್ಲಿ ಅದರ ಹೆಸರೇ ಹೀಟ್ ಪಂಪ್. ಬಾವಿ ಆಳವಾದಷ್ಟೂ ಪಂಪಿಗೆ ಶ್ರಮ ಹೆಚ್ಚು. ಹೊರಗೆ 42, ಒಳಗೆ 18 ಬೇಕೆಂದರೆ ಏಸಿಗೂ ಅದೇ ಪಾಡು. ಪಂಪಿನ ಪೈಪಿಗೆ ತೂತಿದ್ದರೆ ಏನಾಗುತ್ತದೋ, ಬಾಗಿಲು ಸಂದಿ, ಕಾದ ಛಾವಣಿ ಇರುವ ಕೋಣೆಯಲ್ಲಿ ಏಸಿ ಹಾಕಿದರೂ ಅದೇ ಆಗುತ್ತದೆ.

ಆದ್ದರಿಂದ ಮೊದಲ ಖರ್ಚು ಮಾಳಿಗೆಯ ಮೇಲೆ ಆಗಬೇಕು. ಸುಣ್ಣವೋ ಬಿಳಿ ಬಣ್ಣವೋ ಬಳಿದರೆ ಬಿಸಿಲು ಬಂದ ದಾರಿ ಹಿಡಿದು ಹೋಗುತ್ತದೆ, ಕೆಳಗಿನ ಕೋಣೆಯಲ್ಲಿ ಎರಡು ಮೂರು ಡಿಗ್ರಿ ತಗ್ಗುತ್ತದೆ. ಇದು ಅಜ್ಜಿಯರ ಕಾಲದ ಮಾತಷ್ಟೇ ಅಲ್ಲ. ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗೆಂದೇ ಐದು ವರ್ಷದ ನೀತಿ ತಂದಿದೆ. ಕೃಷ್ಣೆ ದಾಟಿದರೆ ಅಲ್ಲಿ ನೀತಿ, ಇಲ್ಲಿ ಮಾತಿಗೂ ಇಲ್ಲ.

ಕೂಲರನ್ನೂ ಮರೆಯಬಾರದು. ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿಗೆ ಅದು ಏಸಿಯ ಕಾಲು ಪಾಲಿಗಿಂತ ಕಡಿಮೆ ಕರೆಂಟಿನಲ್ಲಿ ಕೆಲಸ ಮಾಡುತ್ತದೆ. ನೀರು ಬೇಕು, ಕಿಟಕಿ ತೆರೆದಿರಬೇಕು, ಮಳೆಗಾಲ ಶುರುವಾದರೆ ಜಿಗುಟು ಹಿಡಿಯುತ್ತದೆ ಎಂಬುದೇ ಅದರ ತೊಂದರೆ. ನಲ್ಲಿ ನೀರು ಸರಿಯಾಗಿ ಬರುವ ಓಣಿಯವರಿಗೆ ಅದೇ ಸಾಕಾಗಬಹುದು.

ಏಸಿಯನ್ನೇ ತರುವುದಾದರೆ ಹತ್ತಡಿ ಕೋಣೆಗೆ ಒಂದು ಟನ್ ಸಾಕು, ಒಂದೂವರೆ ಬೇಡ. ಮೇಲೆ ಅಂಟಿಸಿದ ಚೀಟಿಯಲ್ಲಿ ನಕ್ಷತ್ರದ ಜೊತೆ ವರ್ಷಕ್ಕೆ ಎಷ್ಟು ಯೂನಿಟ್ ಎಂದೂ ಬರೆದಿರುತ್ತದೆ. ಅದು 1600 ತಾಸಿನ ಲೆಕ್ಕ. ಚೀಟಿ ಯಾವ ವರ್ಷದ್ದು ಎಂಬುದನ್ನೂ ನೋಡಬೇಕು. ಮಾನದಂಡವನ್ನು ಆಗಾಗ ಬಿಗಿ ಮಾಡುವುದರಿಂದ ಹಳೇ ಚೀಟಿಯ ಐದು ನಕ್ಷತ್ರಕ್ಕೆ ಹೊಸದರಲ್ಲಿ ಆ ಬೆಲೆ ಇರುವುದಿಲ್ಲ. ಹೊರಗಿನ ಪೆಟ್ಟಿಗೆಯನ್ನು ಪಡುವಣ ಬಿಸಿಲಿಗೂ ಪಕ್ಕದ ಮನೆಯವರ ಕಿಟಕಿಗೂ ಮುಖ ಮಾಡಿ ಕೂರಿಸಬಾರದು. ಮೊದಲನೆಯದರಿಂದ ಬಿಲ್ಲು ಏರುತ್ತದೆ, ಎರಡನೆಯದರಿಂದ ಜಗಳ.

ಇನ್ನು ಸೋಲಾರ್ ಮಾತು. ಇಲ್ಲಿಯೇ ಜಿಲ್ಲೆಯ ವಿಚಿತ್ರ ಇರುವುದು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅದರ ಸಾಮರ್ಥ್ಯ 1720 ಮೆಗಾವ್ಯಾಟಿಗೆ ಬೆಳೆಯಿತು, ಯರಮರಸ್‌ನಲ್ಲಿ ಇನ್ನೂ 1600 ಮೆಗಾವ್ಯಾಟಿನ ಕೇಂದ್ರ ಎದ್ದಿತು. ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರಬೇಕು, ಬೂದಿ ಮಾತ್ರ ಇಲ್ಲೇ ಉಳಿಯಬೇಕು. ತಲೆಯ ಮೇಲಿನ ಬಿಸಿಲಿಗೆ ರೈಲೂ ಬೇಡ, ಬೂದಿಯೂ ಇಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಕಥೆ ಇದು.

2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ ಮನೆ ಮಾಳಿಗೆಯ ಸೋಲಾರಿಗೆ ಸಹಾಯಧನ ಕೊಡುತ್ತದೆ. ಒಂದು ಕಿಲೋವ್ಯಾಟಿಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಮೇಲ್ಪಟ್ಟು 78 ಸಾವಿರ ರೂಪಾಯಿ. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ನೂರು ಚದರಡಿ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಹುಟ್ಟುತ್ತದೆ. ಹಗಲು ಉಳಿದದ್ದು ಲೈನಿಗೆ ಹೋಗುತ್ತದೆ, ರಾತ್ರಿ ಏಸಿಗೆ ಬಳಸಿದ್ದರಲ್ಲಿ ಅದು ವಜಾ ಆಗುತ್ತದೆ.

ಜಾಹೀರಾತಿನಲ್ಲಿ ಬರುವ ಲೆಕ್ಕ ಎಲ್ಲರಿಗೂ ಒಂದೇ. ಮನೆಗಳ ಲೆಕ್ಕ ಬೇರೆ ಬೇರೆ. ವರ್ಷವಿಡೀ ತಿಂಗಳಿಗೆ 300 ಯೂನಿಟ್ ಉರಿಸುವ ಮನೆಗೆ ಗೃಹಜ್ಯೋತಿ ಇಲ್ಲವೇ ಇಲ್ಲ. ಆ ಮನೆ ಸುಮಾರು ಒಂದೂಕಾಲು ಲಕ್ಷಕ್ಕೆ ಎರಡು ಕಿಲೋವ್ಯಾಟ್ ಹಾಕಿಸಿದರೆ, ಸಹಾಯಧನ ಕಳೆದು ಕೈಯಿಂದ ಬೀಳುವುದು 65 ಸಾವಿರ. ತಿಂಗಳಿಗೆ 240 ಯೂನಿಟ್, ಅಂದರೆ ಸಾವಿರದ ಐನೂರು ರೂಪಾಯಿ ಉಳಿತಾಯ. ನಾಲ್ಕು ವರ್ಷದೊಳಗೆ ಹಾಕಿದ ಹಣ ಕೈಸೇರುತ್ತದೆ. ಪ್ಯಾನೆಲ್ಲಿನ ಆಯುಸ್ಸು 25 ವರ್ಷ.

ಇನ್ನೊಂದು ಮನೆ ಹತ್ತು ತಿಂಗಳು ಸೊನ್ನೆ ಬಿಲ್ಲಿನಲ್ಲಿರುತ್ತದೆ, ಏಪ್ರಿಲ್ ಮೇ ಎರಡು ತಿಂಗಳಷ್ಟೇ 200 ದಾಟುತ್ತದೆ. ಅದಕ್ಕೆ ಅದೇ ಸೋಲಾರಿನಿಂದ ವರ್ಷಕ್ಕೆ ಉಳಿಯುವುದು ಮೂರೂವರೆ, ನಾಲ್ಕು ಸಾವಿರ. 65 ಸಾವಿರ ವಾಪಸ್ಸಾಗಲು ಹದಿನೈದು ವರ್ಷ ದಾಟುತ್ತದೆ. ಈ ಮನೆಯವರು ಸಾಲ ಮಾಡಿ ಪ್ಯಾನೆಲ್ ಹಾಕಿಸುವ ಬದಲು ಸುಣ್ಣಕ್ಕೂ ಫ್ಯಾನಿಗೂ ಖರ್ಚು ಮಾಡುವುದೇ ಜಾಣತನ. ಈ ಮಾತನ್ನು ಮಾರುವವರು ಹೇಳುವುದಿಲ್ಲ, ಹೇಳಿದರೆ ಅವರ ವ್ಯಾಪಾರ ನಡೆಯುವುದಿಲ್ಲ.

ಹೇಳದೆ ಉಳಿಯುವ ಮಾತು ಇನ್ನೂ ಉಂಟು. ಬ್ಯಾಟರಿ ಇಲ್ಲದ ಸಾಮಾನ್ಯ ಸೋಲಾರು, ಲೈನಿನ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನಿನ ಜೀವ ಉಳಿಯಲೆಂದೇ ಈ ವ್ಯವಸ್ಥೆ. “ಸೋಲಾರ್ ಹಾಕ್ಸೀವಿ, ಆದ್ರೂ ಕತ್ತಲ್ಯಾಗ ಕುಂತೀವಿ” ಎಂದು ಆಮೇಲೆ ಹಳಹಳಿಸಿ ಫಲವಿಲ್ಲ. ಬಳಸಿ ಮಿಕ್ಕ ಕರೆಂಟನ್ನು ಕಂಪನಿ ಕೊಳ್ಳುವ ದರ, ಅದು ಮಾರುವ ದರಕ್ಕಿಂತ ಬಹಳ ಕಡಿಮೆ. ಬೇಕಾದ್ದಕ್ಕಿಂತ ದೊಡ್ಡದು ಹಾಕಿಸಿ ಕರೆಂಟ್ ಮಾರಿ ದುಡ್ಡು ಮಾಡುವ ಆಸೆ ಬೇಡ. ಈ ಊರಿನ ಧೂಳಿಗೆ ಪ್ಯಾನೆಲ್ ಆಗಾಗ ತೊಳೆಯದಿದ್ದರೆ ಉತ್ಪಾದನೆ ಕುಸಿಯುತ್ತದೆ.

ಅಂಗಡಿಕಾರರ ಸ್ಥಿತಿ ಬೇರೆ. ಅವರಿಗೆ ಗೃಹಜ್ಯೋತಿ ಇಲ್ಲ, ಸೂರ್ಯಘರ್ ಸಹಾಯಧನವೂ ಇಲ್ಲ. ವಾಣಿಜ್ಯ ದರ ಮನೆ ದರಕ್ಕಿಂತ ಹೆಚ್ಚು. ಆದರೆ ಫ್ರಿಜ್ಜು, ಫ್ಯಾನು, ದೀಪ, ಏಸಿ ಎಲ್ಲವೂ ಅಲ್ಲಿ ಓಡುವುದು ಸೂರ್ಯ ನೆತ್ತಿಯ ಮೇಲಿರುವಾಗಲೇ. ಸಹಾಯಧನವಿಲ್ಲದಿದ್ದರೂ ಸ್ವಂತ ಮಾಳಿಗೆಯಿರುವ ಅಂಗಡಿಗೆ ಸೋಲಾರ್ ಲಾಭದ ಬಾಬತ್ತು. ಕೆಳಗೆ ಅಂಗಡಿ ಮೇಲೆ ಮನೆ ಇರುವವರು ಎರಡು ಮೀಟರಿನ ಬಿಲ್ಲನ್ನೂ ಮುಂದಿಟ್ಟುಕೊಂಡು ಲೆಕ್ಕ ಹಾಕಬೇಕು. ಸಹಾಯಧನ ದೊರೆಯುವುದು ಮನೆ ಮೀಟರಿಗೆ ಮಾತ್ರ.

ಕೈಬಿಟ್ಟು ಹೋದವರು ಬಾಡಿಗೆದಾರರು ಮತ್ತು ತಗಡಿನ ಮನೆಯವರು. ಮಾಳಿಗೆ ಮಾಲೀಕನದು, ಸೆಕೆ ಬಾಡಿಗೆದಾರನದು. ಬಿಸಿಲು ಎಲ್ಲರಿಗಿಂತ ಹೆಚ್ಚು ತಾಗುವ ತಗಡಿನ ಸೂರಿಗೆ ಯಾವ ಯೋಜನೆಯ ಸಹಾಯಧನವೂ ತಲುಪುತ್ತಿಲ್ಲ. ಒಂದು ಡಬ್ಬ ಬಿಳಿ ಬಣ್ಣ ಕೊಟ್ಟರೂ ಆ ಮನೆಗಳ ಮಕ್ಕಳು ನಿದ್ದೆ ಕಾಣುತ್ತವೆ. ಲಕ್ಷದ ಸೋಲಾರಿಗೆ 60 ಸಾವಿರ ಕೊಡುವ ಸರ್ಕಾರಕ್ಕೆ ಬಡವರ ಸೂರಿಗೆ ಒಂದು ಡಬ್ಬ ಬಣ್ಣ ಭಾರವಾಗಬಾರದು. ನಗರಾಡಳಿತ ಮುಂದಿನ ಬೇಸಿಗೆಗೆ ಮುಂಚೆ ಇದನ್ನು ಕೈಗೆತ್ತಿಕೊಳ್ಳಬೇಕು.

ಜೆಸ್ಕಾಂ ಕೂಡ ತನ್ನ ಕೌಂಟರುಗಳಲ್ಲಿ ಒಂದು ಫಲಕ ತೂಗುಹಾಕಲಿ. ಗೃಹಜ್ಯೋತಿಯ ಪಾಲು ಎಷ್ಟು, 200 ದಾಟಿದರೆ ಏನು, ಏಸಿ ಹಾಕಿಸುವ ಮುನ್ನ ಮಂಜೂರಾದ ಲೋಡು ಏರಿಸಬೇಕೇ, ಸೋಲಾರ್ ಅರ್ಜಿಗೆ ಎಷ್ಟು ದಿನ ಎಂಬುದು ಅದರಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿರಲಿ. ಗ್ರಾಹಕ ಹಿಂದಿನ ಹನ್ನೆರಡು ಬಿಲ್ಲು ತಂದರೆ ಅವನ ಮನೆಗೆ ಸೋಲಾರ್ ಗಿಟ್ಟುತ್ತದೋ ಇಲ್ಲವೋ ಹೇಳಲು ವಾರಕ್ಕೊಂದು ದಿನ ಒಬ್ಬ ಸಿಬ್ಬಂದಿ ಕೂತರೆ ಸಾಕು. ಏಸಿ ಮಾರುವ ಅಂಗಡಿಯವರು ಕಂತಿನ ಮೊತ್ತ ಬರೆಯುವ ಜಾಗದಲ್ಲೇ ತಿಂಗಳಿಗೆ ಎಷ್ಟು ಯೂನಿಟ್ ಎಂದೂ ಬರೆಯಲಿ. ಗಿರಾಕಿ ಓಡಿಹೋಗುವುದಿಲ್ಲ, ನಂಬಿ ಮತ್ತೆ ಬರುತ್ತಾನೆ.

ಬಿಸಿಲು ಯಾರಿಗೂ ಬಿಲ್ಲು ಕಳಿಸುವುದಿಲ್ಲ, ಲೆಕ್ಕ ತಪ್ಪಿದರೆ ಮಾತ್ರ ಬಿಲ್ಲು ಬರುತ್ತದೆ. ಅಂಗಡಿಗೆ ಹೋಗುವ ಮುನ್ನ ಮನೆಯ ಹಳೇ ಬಿಲ್ಲುಗಳನ್ನು ಹರಡಿಕೊಂಡು ಅರ್ಧ ತಾಸು ಕೂತರೆ ವರ್ಷದ ಸಾವಿರಾರು ರೂಪಾಯಿ ಉಳಿಯುತ್ತದೆ. ಮೊದಲು ಮಾಳಿಗೆ, ಆಮೇಲೆ ಫ್ಯಾನು, ಆಮೇಲೆ ಏಸಿ, ಲೆಕ್ಕ ಕೂಡಿದರೆ ಸೋಲಾರು. ಈ ಕ್ರಮ ತಪ್ಪದವರಿಗೆ ತಂಪೂ ದಕ್ಕೀತು, ದುಡ್ಡೂ ಉಳಿದೀತು.