ಡಬ್ಬಿಯಲ್ಲಿ ಉಳಿದ ಅಮೆರಿಕದ ಚಿಲ್ಲರೆ

ವಿದ್ಯಾಭ್ಯಾಸಕ್ಕೆಂದೋ ಉದ್ಯೋಗಕ್ಕೆಂದೋ ಅಮೆರಿಕಕ್ಕೆ ಹೋಗಿಬಂದವರ ಮನೆಗಳಲ್ಲಿ ಆ ದೇಶದ ಚಿಲ್ಲರೆ ನಾಣ್ಯಗಳು ಯಾವುದಾದರೊಂದು ಡಬ್ಬಿಯಲ್ಲಿ ಉಳಿದಿರುವುದು ಸಾಮಾನ್ಯ. ನೋಟುಗಳನ್ನು ಬದಲಿಸಿಕೊಳ್ಳಬಹುದು, ಬಿಡಿ ನಾಣ್ಯಗಳನ್ನು ಕೊಳ್ಳುವವರು ವಿರಳ. ಆದುದರಿಂದ ಅವು ಮಕ್ಕಳ ಆಟಿಕೆಗಳಾಗುತ್ತವೆ, ಇಲ್ಲವೇ ಹಳೆಯ ಸಾಮಾನಿನೊಡನೆ ಹೊರಟುಹೋಗುತ್ತವೆ. ಅವುಗಳ ನಡುವೆ ಬೆಳ್ಳಿಯೂ ಇರಬಹುದೆಂಬುದನ್ನು ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ಮೊದಲು ಹೆಸರುಗಳನ್ನು ತಿಳಿಯೋಣ. 1 ಸೆಂಟಿನ ನಾಣ್ಯ ಪೆನ್ನಿ, 5 ಸೆಂಟಿನದು ನಿಕಲ್, 10 ಸೆಂಟಿನದು ಡೈಮ್, 25 ಸೆಂಟಿನದು ಕ್ವಾರ್ಟರ್, 50 ಸೆಂಟಿನದು ಹಾಫ್ ಡಾಲರ್. ಇವುಗಳಲ್ಲಿ ಡೈಮ್ ಎಲ್ಲಕ್ಕಿಂತ ಚಿಕ್ಕದು. ಆದ್ದರಿಂದ ಗಾತ್ರವನ್ನು ನೋಡಿ ಬೆಲೆಯನ್ನು ಊಹಿಸಲಾಗದು.

ಬಳಿಕ ಇಸವಿಯನ್ನು ನೋಡಬೇಕು. 1964 ಅಥವಾ ಅದಕ್ಕೂ ಹಿಂದಿನ ಇಸವಿಯುಳ್ಳ ಡೈಮ್, ಕ್ವಾರ್ಟರ್, ಹಾಫ್ ಡಾಲರುಗಳಲ್ಲಿ ನೂರಕ್ಕೆ 90 ಪಾಲು ಬೆಳ್ಳಿಯಿದೆ. ಬೆಳ್ಳಿಯ ಬೆಲೆ ಏರಿ ನಾಣ್ಯಗಳ ಅಭಾವ ತಲೆದೋರಿದಾಗ 1965ರ ಕಾಯಿದೆಯ ಮೂಲಕ ಚಲಾವಣೆಯ ಡೈಮ್ ಮತ್ತು ಕ್ವಾರ್ಟರುಗಳಿಂದ ಬೆಳ್ಳಿಯನ್ನು ತೆಗೆಯಲಾಯಿತು. ಹಾಫ್ ಡಾಲರಿನಲ್ಲಿ ಮಾತ್ರ 1970ರವರೆಗೆ ನೂರಕ್ಕೆ 40 ಪಾಲು ಉಳಿಯಿತು. ಇಸವಿ ಸವೆದಿದ್ದರೆ ಅಂಚನ್ನು ಪರೀಕ್ಷಿಸಿರಿ. ಹೊಸ ನಾಣ್ಯದ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಕಾಣುತ್ತದೆ. ಹಳೆಯ ಬೆಳ್ಳಿ ನಾಣ್ಯದ ಅಂಚು ಪೂರ್ತಿ ಬಿಳಿಯಾಗಿರುತ್ತದೆ. ಅಕ್ಕಸಾಲಿಗರ ತಕ್ಕಡಿಯೂ ನೆರವಾದೀತು. ಬೆಳ್ಳಿಯ ಕ್ವಾರ್ಟರ್ 6.25 ಗ್ರಾಂ, ಹೊಸದು 5.67 ಗ್ರಾಂ.

ಬೆಲೆಯ ಲೆಕ್ಕವೂ ಸುಲಭ. ನಾಲ್ಕು ಕ್ವಾರ್ಟರುಗಳಾಗಲಿ, ಹತ್ತು ಡೈಮ್‌ಗಳಾಗಲಿ, 90 ಪಾಲಿನ ಎರಡು ಹಾಫ್ ಡಾಲರುಗಳಾಗಲಿ, ಅವುಗಳಲ್ಲಿ ಸುಮಾರು 22.5 ಗ್ರಾಂ ಬೆಳ್ಳಿ ಇರುತ್ತದೆ. ಸವಕಲಾಗಿದ್ದರೆ ತುಸು ಕಡಿಮೆ. ಆ ದಿನದ ಬೆಳ್ಳಿಯ ದರದಿಂದ ಗುಣಿಸಿದರೆ ನಾಣ್ಯದ ಕನಿಷ್ಠ ಬೆಲೆ ದೊರೆಯುತ್ತದೆ.

ನಿಕಲ್‌ಗಳಲ್ಲಿ ಯುದ್ಧಕಾಲದವು ಮಾತ್ರ ವಿಶೇಷ. 1942ರಿಂದ 1945ರವರೆಗಿನ ಕೆಲವು ನಾಣ್ಯಗಳ ಹಿಂಬದಿಯಲ್ಲಿ ಕಟ್ಟಡದ ಗುಮ್ಮಟದ ಮೇಲೆ ಪಿ, ಡಿ ಅಥವಾ ಎಸ್ ಎಂಬ ದೊಡ್ಡ ಅಕ್ಷರವಿದೆ. ಅವು ಫಿಲಡೆಲ್ಫಿಯಾ, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಗಳ ಗುರುತು. ಅಂಥವುಗಳಲ್ಲಿ ನೂರಕ್ಕೆ 35 ಪಾಲು ಬೆಳ್ಳಿಯಿದೆ.

ಪೆನ್ನಿಗಳ ವಿಷಯದಲ್ಲಿ ಹಳೆಯದೆಲ್ಲ ದುಬಾರಿಯೆಂಬ ಭ್ರಮೆ ಬೇಡ. 1909ರಿಂದ 1958ರವರೆಗಿನ, ಹಿಂಬದಿಯಲ್ಲಿ ಗೋಧಿ ತೆನೆಯುಳ್ಳ ಪೆನ್ನಿಗಳು ವಿಪುಲವಾಗಿದ್ದು, ಹೆಚ್ಚಿನವಕ್ಕೆ ಕೆಲವೇ ಸೆಂಟು ಸಿಗುತ್ತದೆ. ಆದರೆ 1909ರ ಇಸವಿ, ಅದರ ಕೆಳಗೆ ಎಸ್ ಗುರುತು, ಹಿಂಬದಿಯಲ್ಲಿ ಶಿಲ್ಪಿಯ ವಿ.ಡಿ.ಬಿ. ಎಂಬ ಅಕ್ಷರಗಳು ಈ ಮೂರೂ ಕೂಡಿದ ಪೆನ್ನಿ 4,84,000 ಮಾತ್ರ ತಯಾರಾಯಿತು. ಅದು ಬಹು ಬೆಲೆಯುಳ್ಳದ್ದು. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾದುದರಿಂದ ಉಕ್ಕಿನ ಪೆನ್ನಿಗಳು ಬಂದವು. ಅಕಸ್ಮಾತ್ತಾಗಿ ತಾಮ್ರದಲ್ಲೇ ಮುದ್ರಿತವಾದ ಆ ವರ್ಷದ ಬೆರಳೆಣಿಕೆಯ ನಾಣ್ಯಗಳಲ್ಲಿ ಕೆಲವು ಲಕ್ಷ ಡಾಲರು ಮೀರಿ ಮಾರಾಟವಾಗಿವೆ. ಹೀಗಾಗಿಯೇ ಅವುಗಳ ನಕಲು ಹೆಚ್ಚು. ಅಯಸ್ಕಾಂತಕ್ಕೆ ಅಂಟಿದರೆ ಅದು ತಾಮ್ರ ಲೇಪಿಸಿದ ಉಕ್ಕು. ಅಂಟದಿದ್ದರೂ 1948ರ ಎಂಟನ್ನು ಕೆರೆದು ಮೂರಾಗಿಸಿದ ಮೋಸವಿರಬಹುದು. ಚಲಾವಣೆಗಾಗಿ ಪೆನ್ನಿ ಮುದ್ರಿಸುವುದನ್ನು 2025ರ ನವೆಂಬರಿನಲ್ಲಿ ನಿಲ್ಲಿಸಿದ್ದಾರೆ. ಅಷ್ಟರಿಂದಲೇ ಎಲ್ಲ ಪೆನ್ನಿಗಳೂ ಅಪರೂಪವಾಗಲಿಲ್ಲ.

ತಾಯಂದಿರಲ್ಲಿ ನಮ್ಮದೊಂದು ವಿಶೇಷ ವಿನಂತಿ. ಪೂಜೆಯ ತಾಮ್ರದ ಪಾತ್ರೆಗಳಿಗೆ ಹಚ್ಚುವ ಹುಣಸೆಹಣ್ಣನ್ನು ಈ ನಾಣ್ಯಗಳಿಗೆ ಹಚ್ಚಬೇಡಿರಿ. ಹುಳಿ ಮತ್ತು ಉಜ್ಜುವಿಕೆ ಮೇಲ್ಮೈಯನ್ನೇ ಕೆಡಿಸುತ್ತವೆ. ಸಂಗ್ರಾಹಕರು ಬಯಸುವುದು ಕಾಲಕ್ರಮದಲ್ಲಿ ಬಂದ ಸಹಜ ಬಣ್ಣವನ್ನು. ಥಳಥಳಿಸುವಂತೆ ತಿಕ್ಕಿದ ಅಪರೂಪದ ನಾಣ್ಯ ತನ್ನ ಬೆಲೆಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಅಂಚನ್ನು ಹಿಡಿದು ಎತ್ತಿ, ಕಾಗದದ ಪೊಟ್ಟಣಗಳಲ್ಲಿ ಬೇರೆಬೇರೆಯಾಗಿಡುವುದು ಲೇಸು.

ಅಪರೂಪದ್ದೆಂದು ತೋರಿದ ನಾಣ್ಯವನ್ನು ಇಬ್ಬರು ಮೂವರು ಬಲ್ಲವರಿಗೆ ತೋರಿಸದೆ ಮಾರತಕ್ಕದ್ದಲ್ಲ. ಮಾರಲು ಮನಸ್ಸಿಲ್ಲದವರು ಪ್ರತಿ ಪೊಟ್ಟಣದಲ್ಲಿ ಅದನ್ನು ಯಾರು, ಯಾವ ಊರಿನಿಂದ, ಯಾವ ವರ್ಷ ತಂದರೆಂದು ಬರೆದ ಚೀಟಿಯೊಂದನ್ನು ಇಡಲಿ. ಮೊಮ್ಮಕ್ಕಳ ಕೈಗೆ ನಾಣ್ಯದೊಡನೆ ಮನೆತನದ ವೃತ್ತಾಂತವೂ ಸೇರುತ್ತದೆ.