ಗೇಮ್ ಮಧ್ಯೆ ಪಿಸಿ ಆಫ್ ಆದ್ರೆ ಪರ್ಸ್ ತೆಗೀಬೇಡಿ, ಮೊದಲು ಹೆಡ್‌ಫೋನ್ ತೆಗೀರಿ

(1/6)
ಫೋಟೋದಲ್ಲಿ ಎರಡು ಎಸ್‌ಎಂಪಿಎಸ್ ಇವೆ ನೋಡಿ. ಎಡಗಡೆದು ಹಳೇದು, 550 ವ್ಯಾಟ್. ಬಲಗಡೆದು ಹೊಸದು, 650 ವ್ಯಾಟ್, 5,400 ರೂಪಾಯಿ. ಎರಡೂ ಚೆನ್ನಾಗಿವೆ, ಎರಡರಲ್ಲೂ ಯಾವ ತೊಂದರೆಯೂ ಇಲ್ಲ. ನನ್ನ ಹೊಟ್ಟೆ ಉರಿಯೋದೇ ಅದಕ್ಕೆ. ಆ 5,400 ನನ್ನದಲ್ಲ, ಅಕ್ಕಂದು. ಮೊದಲ ಸಂಬಳದಲ್ಲಿ ಉಳಿಸಿದ್ದನ್ನ "ಪ್ರಾಜೆಕ್ಟ್‌ಗೆ ಪಿಸಿ ಬೇಕಲ್ವಾ" ಅಂತ ಕೇಳಿ ಕೊಟ್ಟಳು. ನಾನೂ ಹೂಂ ಅಂದೆ. ಪ್ರಾಜೆಕ್ಟ್ ಮಾಡುವಾಗ ಪಿಸಿ ಒಂದು ಸಲವೂ ಆಫ್ ಆಗಿರಲಿಲ್ಲ, ಫೋರ್ಜಾ ಹೊರೈಜನ್ 5 ಆಡುವಾಗ ಮಾತ್ರ ಆಗ್ತಿತ್ತು ಅನ್ನೋದನ್ನ ಅವಳಿಗೆ ಹೇಳಿರಲಿಲ್ಲ. (ಅಕ್ಕ, ಇದನ್ನ ಓದ್ತಿದ್ರೆ ಸಾರಿ. ಪೂರ್ತಿ ಓದು.)

ನಮ್ಮ ಕ್ಲಾಸ್ ಗ್ರೂಪಲ್ಲಿ ವಾರಕ್ಕೊಬ್ಬರಾದ್ರೂ "ಗುರು, ಗೇಮ್ ಮಧ್ಯೆ ಪಿಸಿ ಆಫ್ ಆಗ್ತಿದೆ, ಏನ್ ಮಾಡ್ಲಿ" ಅಂತ ಕೇಳ್ತೀರಿ. ಹತ್ತು ನಿಮಿಷದಲ್ಲಿ ಹತ್ತು ಉತ್ತರ: ಎಸ್‌ಎಂಪಿಎಸ್ ಹೊಡೆದೋಗಿದೆ, ಥರ್ಮಲ್ ಪೇಸ್ಟ್ ಹಾಕ್ಸು, ರ‍್ಯಾಮ್ ಬದಲಾಯಿಸು, ವಿಂಡೋಸ್ ಮತ್ತೆ ಹಾಕು. "ಆಫ್ ಆದಾಗ ಸರಿಯಾಗಿ ಏನಾಯ್ತು?" ಅಂತ ವಾಪಸ್ ಕೇಳೋರು ಒಬ್ಬರೂ ಇಲ್ಲ. ಆಫ್ ಆಗೋದು ಜ್ವರ ಇದ್ದ ಹಾಗೆ, ಕಾಯಿಲೆಯ ಹೆಸರಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತಲ್ಲ, ನಾವು ಮಾಡ್ತಿರೋದು ಅದನ್ನೇ, ಅದೂ ಮನೆಯವರ ದುಡ್ಡಲ್ಲಿ. ಕಾರಣ ಗೊತ್ತಾಗದೆ ಪಾರ್ಟ್ ಬದಲಾಯಿಸೋದು ರಿಪೇರಿ ಅಲ್ಲ, ಲಾಟರಿ ಅಂತ ನನ್ನ ವಾದ. ಒಪ್ಪದಿದ್ರೆ ಕಾಮೆಂಟಲ್ಲಿ ಜಗಳಕ್ಕೆ ಬನ್ನಿ, ಆದ್ರೆ ಆರನೇ ಭಾಗದವರೆಗೂ ಓದಿ ಬನ್ನಿ.

(2/6)
ನನ್ನ ಕಥೆ. ಆರ್‌ಟಿಎಕ್ಸ್ 3060 ಕಾರ್ಡು. ಅದು ಎಳೆಯೋದು ಸುಮಾರು 170 ವ್ಯಾಟ್, ಎನ್‌ವಿಡಿಯಾದವರೇ 550 ವ್ಯಾಟ್ ಎಸ್‌ಎಂಪಿಎಸ್ ಸಾಕು ಅಂತಾರೆ. ಒಂದೂವರೆ ವರ್ಷ ಆರಾಮಾಗಿ ನಡೀತು. ಆಮೇಲೆ ಶುರುವಾಯ್ತು. ಸಂಜೆ ಕೂತ್ಕೊಂಡು ರೇಸ್ ಮಧ್ಯದಲ್ಲಿದ್ದಾಗ ಟಪ್ ಅಂತ ಕತ್ತಲೆ. ಬ್ಲೂ ಸ್ಕ್ರೀನ್ ಇಲ್ಲ, ಎರರ್ ಇಲ್ಲ. ಪವರ್ ಬಟನ್ ಒತ್ತಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಎದ್ದು ಬರುತ್ತೆ.

ಇವೆಂಟ್ ವ್ಯೂವರ್ ತೆಗೆದು ನೋಡಿದೆ. ಕೆಂಪು ಅಕ್ಷರದಲ್ಲಿ ಕರ್ನಲ್-ಪವರ್ 41. ಎದೆ ಧಸಕ್ ಅಂತು. ಇದನ್ನ ನೋಡಿ ಹೆದರಬೇಡಿ. "ಕಳೆದ ಸಲ ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗದೇ ಮತ್ತೆ ಆನ್ ಆಗಿದೆ" ಅನ್ನೋದಷ್ಟೇ ಅದರ ಅರ್ಥ. ಅಂದ್ರೆ ನಿಮಗೆ ಗೊತ್ತಿರೋದನ್ನೇ ವಿಂಡೋಸ್ ನಿಮಗೆ ವಾಪಸ್ ಹೇಳ್ತಿದೆ. ಪಿಸಿ ಆನ್ ಇರುವಾಗ ನೀವು ಗೋಡೆಯ ಪ್ಲಗ್ ಕಿತ್ತರೂ ಅದೇ 41 ಬರುತ್ತೆ. ಹೆಸರಲ್ಲಿ ಪವರ್ ಇದೆ ಅಂತ ಎಸ್‌ಎಂಪಿಎಸ್ ಮೇಲೆ ಕೇಸ್ ಹಾಕೋಕಾಗಲ್ಲ. ನಾನು ಹಾಕಿದೆ. ಅಂಗಡಿಗೆ ಫೋನ್ ಮಾಡಿದಾಗ ಅವರೂ "ಹಾಗಾದ್ರೆ ಎಸ್‌ಎಂಪಿಎಸ್ಸೇ" ಅಂದ್ರು. ತಂದೆ, ಹಾಕಿದೆ, ಎರಡು ದಿನ ಚೆನ್ನಾಗಿತ್ತು. ಮೂರನೇ ಸಂಜೆ ಮತ್ತೆ ಟಪ್.

ಕ್ಯಾಬಿನೆಟ್ ಹೊತ್ಕೊಂಡು ಅಂಗಡಿಗೇ ಹೋದೆ. ಅಲ್ಲಿ ಮೂರು ಗಂಟೆ ಸ್ಟ್ರೆಸ್ ಟೆಸ್ಟ್ ಓಡಿಸಿದ್ರು, ಒಂದು ಸಲವೂ ಆಫ್ ಆಗಲಿಲ್ಲ. ಆದ್ರೂ "ಮದರ್‌ಬೋರ್ಡ್ ಇರಬಹುದು, ಒಂಬತ್ತು ಸಾವಿರ ಆಗುತ್ತೆ" ಅಂದ್ರು. ಅವರೇನು ಮೋಸಗಾರರಲ್ಲ. ಅವರ ಮುಂದೆ ಕೆಡದೇ ಇರೋದನ್ನ ಅವರು ಹೇಗೆ ಹುಡುಕ್ತಾರೆ? ಊಹೆ ಮಾಡಿದ್ರು. ನಾನು ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು: ಮನೇಲಿ ಆಫ್ ಆಗುತ್ತೆ, ಇಲ್ಲಿ ಆಗಲ್ಲ, ಹಾಗಾದ್ರೆ ಮನೇಲಿ ಇರೋದು ಇಲ್ಲಿ ಏನಿಲ್ಲ? ಅದನ್ನ ಕೇಳೋ ಬದಲು ಒಂಬತ್ತು ಸಾವಿರಕ್ಕೆ ಅಕ್ಕನ ಹತ್ರ ಏನು ಹೊಸ ಸುಳ್ಳು ಹೇಳೋದು ಅಂತ ಯೋಚಿಸ್ತಾ ಬಸ್ಸಲ್ಲಿ ಕ್ಯಾಬಿನೆಟ್ ತೊಡೆ ಮೇಲಿಟ್ಕೊಂಡು ಬಂದೆ.

(3/6)
ಕಂಡುಹಿಡಿದಿದ್ದು ಅಮ್ಮ. ಎಂಟರ್ ಕೀ ಯಾವುದು ಅಂತ ಕೂಡ ಅವರಿಗೆ ಗೊತ್ತಿಲ್ಲ.

ಅಡುಗೆ ಮನೆಯಿಂದ ಬಂದು ಹೇಳಿದ್ರು: "ಅಲ್ಲ ಕಣೋ, ನಾನು ಮೋಟ್ರು ಹಾಕಿದಾಗೆಲ್ಲ ನಿನ್ ಟೇಬಲ್ ಕೆಳಗಿನ ಡಬ್ಬಿ ಕೀಂಕ್ ಅಂತ ಕೂಗ್ಕೊಳುತ್ತಲ್ಲ, ಅದ್ಯಾಕೆ?"

ಡಬ್ಬಿ ಅಂದ್ರೆ ಯುಪಿಎಸ್. ಮೋಟ್ರು ಅಂದ್ರೆ ಸಂಪಿನಿಂದ ಟ್ಯಾಂಕಿಗೆ ನೀರು ಹತ್ತಿಸೋ ಪಂಪು, ದಿನಾ ಸಂಜೆ ಏಳರ ಆಸುಪಾಸು. ನನಗೆ ಆ ಕೀಂಕ್ ಯಾವತ್ತೂ ಕೇಳಿರಲಿಲ್ಲ. ಯಾಕೆ ಹೇಳಿ? ತಲೆ ಮೇಲೆ ಹೆಡ್‌ಫೋನ್, ಕಿವಿ ತುಂಬ ಇಂಜಿನ್ ಸದ್ದು.

ಮಾರನೇ ದಿನ ಹೆಡ್‌ಫೋನ್ ತೆಗೆದು ಗೇಮ್ ಹಾಕಿ ಕಾದೆ. ಅಮ್ಮ ಮೋಟ್ರು ಹಾಕಿದ್ರು. ಟ್ಯೂಬ್‌ಲೈಟ್ ಒಂದು ಕ್ಷಣ ಮಂಕಾಯ್ತು. ಕೀಂಕ್. ಟಪ್.

ಆಗಿದ್ದು ಇಷ್ಟೇ. ಮೋಟಾರ್ ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದು ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ನಮ್ಮದು ಹಳೇ ಮನೆ, ಹಳೇ ವೈರಿಂಗು, ವೋಲ್ಟೇಜ್ ಕುಸಿಯುತ್ತೆ. ಕರೆಂಟ್ ಹೋಯ್ತು ಅಂದ್ಕೊಂಡು ಯುಪಿಎಸ್ ಬ್ಯಾಟರಿಗೆ ಜಿಗಿಯುತ್ತೆ. ಆ ಬ್ಯಾಟರಿಗೆ ನಾಲ್ಕು ವರ್ಷ. ಯುಪಿಎಸ್ ಒಳಗಿರೋ ಸೀಸದ ಬ್ಯಾಟರಿ ಸಾಮಾನ್ಯವಾಗಿ ಮೂರ್ನಾಲ್ಕು ವರ್ಷಕ್ಕೇ ಸುಸ್ತಾಗುತ್ತೆ. ಬ್ರೌಸರ್ ಓಪನ್ ಇದ್ದಾಗ ಪಿಸಿ ಕೇಳೋ ಅಲ್ಪಸ್ವಲ್ಪ ವ್ಯಾಟ್ ಅದು ಹೇಗೋ ಕೊಡುತ್ತೆ. ಗೇಮ್ ನಡೀತಿದ್ರೆ ಕಾರ್ಡು, ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿ ಮುನ್ನೂರರ ಹತ್ತಿರ. 600 ವಿಎ ಅಂತ ಬರೆದಿರೋ ಸಾಮಾನ್ಯ ಯುಪಿಎಸ್ ಹೊಸದಿದ್ದಾಗಲೇ ಕೊಡೋದು 360 ವ್ಯಾಟ್ ಆಸುಪಾಸು. ಮುದಿ ಬ್ಯಾಟರಿ ಒಂದು ಸೆಕೆಂಡೂ ತಡೆಯಲ್ಲ, ಕೈ ಚೆಲ್ಲುತ್ತೆ. ಅಷ್ಟರಲ್ಲಿ ವೋಲ್ಟೇಜ್ ಸರಿಹೋಗಿ ಯುಪಿಎಸ್ ತಾನೇ ಮತ್ತೆ ಆನ್. ನಾನು ಬಗ್ಗಿ ನೋಡೋ ಹೊತ್ತಿಗೆ ಹಸಿರು ಲೈಟು, ಏನೂ ಆಗೇ ಇಲ್ಲ ಅನ್ನೋ ಮುಖ.

ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಎರಡು ದಿನ ಯಾಕೆ ಚೆನ್ನಾಗಿತ್ತು ಅಂತೀರಾ? ಆ ಎರಡು ದಿನ ಸಂಜೆ ನಾನು ಲ್ಯಾಬ್ ರೆಕಾರ್ಡ್ ಬರೀತಿದ್ದೆ, ಆಡಿದ್ದು ರಾತ್ರಿ ಹತ್ತರ ಮೇಲೆ. ಆಗ ಮೋಟಾರ್ ಇಲ್ಲ.

(4/6)
ಈಗ ನಿಮ್ಮ ಪಿಸಿ ವಿಷಯಕ್ಕೆ ಬರೋಣ. ಆಫ್ ಆದ ಕ್ಷಣದಲ್ಲಿ ಮಾನಿಟರ್ ನೋಡಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ, ಇದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

ಮಾನಿಟರಿನ ಪುಟ್ಟ ಲೈಟ್ ಹೊತ್ತಿಕೊಂಡೇ ಇದ್ದು "ನೋ ಸಿಗ್ನಲ್" ಅಂತ ಬಂದ್ರೆ ಮಾನಿಟರಿಗೆ ಕರೆಂಟ್ ಹೋಗಿಲ್ಲ ಅಂತ ಅರ್ಥ, ಸಮಸ್ಯೆ ಹೆಚ್ಚು ಕಡಿಮೆ ಕ್ಯಾಬಿನೆಟ್ ಒಳಗೇ ಇದೆ. ಮಾನಿಟರೂ ಜೊತೆಗೇ ಸತ್ತರೆ, ಅಥವಾ ಸತ್ತು ತಕ್ಷಣ ಕಂಪನಿಯ ಲೋಗೋ ತೋರಿಸ್ಕೊಂಡು ಎದ್ದರೆ, ಸಮಸ್ಯೆ ಹೊರಗಿದೆ: ಯುಪಿಎಸ್, ಸ್ಪೈಕ್ ಬಸ್ಟರ್, ಗೋಡೆಯ ಸಾಕೆಟ್, ಮನೆಯ ವೋಲ್ಟೇಜ್. ನನ್ನ ಮಾನಿಟರ್ ಪ್ರತಿ ಸಲವೂ ಲೋಗೋ ತೋರಿಸ್ತಿತ್ತು. ಸಿಗ್ನಲ್ ಮಾತ್ರ ಹೋದ್ರೆ ಲೋಗೋ ಯಾಕೆ ಬರುತ್ತೆ? ಕರೆಂಟ್ ಹೋಗಿ ಬಂದಿದ್ದಕ್ಕೇ ಬಂದಿದ್ದು. ಮೂರು ವಾರ ಅದು ಕಣ್ಣಿಗೆ ರಾಚೋ ಹಾಗೆ ಹೇಳ್ತಾನೇ ಇತ್ತು, ನಾನು ಯೂಟ್ಯೂಬ್ ನೋಡ್ತಿದ್ದೆ. (ಎರಡೂ ಒಂದೇ ಬೋರ್ಡಿನಿಂದ ಕರೆಂಟ್ ತಗೊಂಡಿದ್ರೆ ಮಾತ್ರ ಈ ಪರೀಕ್ಷೆ ನಡೆಯುತ್ತೆ, ನೆನಪಿರಲಿ.)

ಇನ್ನೊಂದು ಥರ ಇದೆ. ಸ್ಕ್ರೀನ್ ಕಪ್ಪು, ಆದ್ರೆ ಫ್ಯಾನ್ ತಿರುಗ್ತಾನೇ ಇದೆ, ಫ್ರೆಂಡ್ ಮಾತಾಡೋದೂ ಕೇಳ್ತಿದೆ. ಅದು ಆಫ್ ಆಗೋದೇ ಅಲ್ಲ. ಅದು ಕಾರ್ಡಿನದೋ ಡ್ರೈವರಿನದೋ ಕೇಬಲ್ಲಿನದೋ ಜಗಳ. ಬ್ಲೂ ಸ್ಕ್ರೀನ್ ಬಂದು ರೀಸ್ಟಾರ್ಟ್ ಆಗೋದು ಇನ್ನೂ ಬೇರೆ, ರ‍್ಯಾಮ್ ಮತ್ತು ಡ್ರೈವರ್ ಕಡೆ ನೋಡಿ. ಇವನ್ನೆಲ್ಲ "ಆಫ್ ಆಗುತ್ತೆ" ಅನ್ನೋ ಒಂದೇ ಪದದಲ್ಲಿ ಹೇಳಿದ್ರೆ ಅಂಗಡಿಯವರು ಬಿಡಿ, ದೇವರಿಗೂ ಅರ್ಥ ಆಗಲ್ಲ.

(5/6)
ಕ್ಯಾಬಿನೆಟ್ ಮಾತ್ರ ಆಫ್ ಆಗ್ತಿದ್ರೆ ಅನುಮಾನ ಇಬ್ಬರ ಮೇಲೆ: ಬಿಸಿ ಮತ್ತು ಎಸ್‌ಎಂಪಿಎಸ್.

ಬಿಸಿ ಸಾಮಾನ್ಯವಾಗಿ ಹೇಳಿ ಬರುತ್ತೆ. ಪ್ರೊಸೆಸರ್ ಕಾದಾಗ ಮೊದಲು ತನ್ನ ವೇಗ ತಾನೇ ಇಳಿಸ್ಕೊಳುತ್ತೆ, ಫ್ಯಾನ್ ಕಿರುಚುತ್ತೆ, ಗೇಮ್ ತಡವರಿಸುತ್ತೆ, ಆಮೇಲೂ ತಡೆಯಲಾಗದಿದ್ರೆ ಮಾತ್ರ ಪ್ರಾಣ ಉಳಿಸ್ಕೊಳೋಕೆ ಆಫ್. (ಕೂಲರ್ ಸಡಿಲ ಆಗಿದ್ರೆ ಇದೆಲ್ಲ ಸೆಕೆಂಡುಗಳಲ್ಲೇ ಮುಗಿಯುತ್ತೆ.) ಊಹೆ ಬೇಡ, ಎಚ್‌ಡಬ್ಲ್ಯೂಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಲಾಗಿಂಗ್ ಆನ್ ಮಾಡಿ ಆಡಿ. ಆಫ್ ಆದ್ಮೇಲೆ ಆ ಫೈಲನ್ನ ಎಕ್ಸೆಲ್ಲಲ್ಲಿ ತೆಗೆದು ಕೊನೇ ಸಾಲು ನೋಡಿ. ಪ್ರೊಸೆಸರ್, ಕಾರ್ಡು ಎರಡೂ 65 ಡಿಗ್ರಿ ಆಸುಪಾಸಲ್ಲಿದ್ರೆ ಥರ್ಮಲ್ ಪೇಸ್ಟಿಗೆ ದುಡ್ಡು ಹಾಕಬೇಡಿ. ಹಾಗೇ 95 ಕಂಡ ತಕ್ಷಣ ಕಿರುಚಲೂ ಬೇಡಿ, ರೈಜನ್ 7000 ಸರಣಿಯವು ಪೂರ್ತಿ ಲೋಡಲ್ಲಿ 95ರವರೆಗೆ ಹೋಗೋ ಹಾಗೇ ಮಾಡಿರೋದು. ನಿಮ್ಮ ಪ್ರೊಸೆಸರಿನ ಮಿತಿ ಎಷ್ಟು ಅಂತ ಮೊದಲು ನೋಡ್ಕೊಳ್ಳಿ. ಧೂಳು ಹೊಡೆಯೋದಂತೂ ಹೇಗಿದ್ರೂ ಮಾಡಿ, ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡ್ಕೊಳ್ಳಿ.

ಎಸ್‌ಎಂಪಿಎಸ್ ಹೇಳದೇ ಕೇಳದೇ ಹೊಡೆಯುತ್ತೆ. ಗ್ರಾಫಿಕ್ಸ್ ಕಾರ್ಡುಗಳು ಮಿಲಿಸೆಕೆಂಡಿನಷ್ಟು ಹೊತ್ತು ತಮ್ಮ ಲೆಕ್ಕಕ್ಕಿಂತ ತುಂಬಾ ಜಾಸ್ತಿ ಎಳೆದುಬಿಡ್ತವೆ, ದುರ್ಬಲ ಎಸ್‌ಎಂಪಿಎಸ್ ಅದನ್ನ ಶಾರ್ಟ್ ಅಂದ್ಕೊಂಡು ಕಟ್ ಮಾಡುತ್ತೆ. ಇದು ಎಷ್ಟು ಮಾಮೂಲಾಯ್ತು ಅಂದ್ರೆ 2022ರ ಎಟಿಎಕ್ಸ್ 3.0 ನಿಯಮಗಳಲ್ಲಿ ಇಂಥ ಕ್ಷಣಿಕ ಎಳೆತ ತಡ್ಕೋಬೇಕು ಅಂತಲೇ ಬರೆದ್ರು. ಪರೀಕ್ಷೆ ಸುಲಭ: ಎಂಎಸ್‌ಐ ಆಫ್ಟರ್‌ಬರ್ನರಲ್ಲಿ ಪವರ್ ಲಿಮಿಟ್ 70ಕ್ಕೆ ಇಳಿಸಿ, ಗೇಮಲ್ಲಿ ಎಫ್‌ಪಿಎಸ್ 60ಕ್ಕೆ ಕಟ್ಟಿಹಾಕಿ ಒಂದೆರಡು ದಿನ ಆಡಿ. ಆಫ್ ಆಗೋದು ನಿಂತರೆ ಕಾರಣ ಲೋಡಿನ ಕಡೆ ಇದೆ. ಎಸ್‌ಎಂಪಿಎಸ್ಸೇ ಅಂತ ಇನ್ನೂ ಸಾಬೀತಾಗಿಲ್ಲ, ನನ್ನ ಯುಪಿಎಸ್ ಕೇಸಲ್ಲೂ ಇದೇ ಉತ್ತರ ಬರ್ತಿತ್ತು. ಸಾಬೀತಾಗಬೇಕಂದ್ರೆ ಫ್ರೆಂಡಿನ ಎಸ್‌ಎಂಪಿಎಸ್ ಒಂದು ದಿನಕ್ಕೆ ತಂದು ಹಾಕಿ. ಅದರ ಕೇಬಲ್‌ಗಳ ಸಮೇತ ತನ್ನಿ! ಬಿಚ್ಚಿ ಹಾಕೋ ಕೇಬಲ್‌ಗಳು ನೋಡೋಕೆ ಒಂದೇ ಥರ ಇದ್ರೂ ಒಳಗಿನ ಪಿನ್ ಜೋಡಣೆ ಬೇರೆ ಬೇರೆ ಇರುತ್ತೆ, ಒಂದರ ಕೇಬಲ್ ಇನ್ನೊಂದಕ್ಕೆ ಹಾಕಿದ್ರೆ ಎಸ್‌ಎಸ್‌ಡಿ ಸುಟ್ಟುಹೋಗಬಹುದು. ಎಸ್‌ಎಂಪಿಎಸ್ ಡಬ್ಬಿ ಬಿಚ್ಚೋದಂತೂ ಬೇಡವೇ ಬೇಡ, ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತೆ.

ಒಂದು ಸಲಕ್ಕೆ ಒಂದೇ ಬದಲಾವಣೆ. ಧೂಳು ಹೊಡೆದು, ಡ್ರೈವರ್ ಹಾಕಿ, ರ‍್ಯಾಮ್ ಕಿತ್ತು ಹಾಕಿ, ಎಲ್ಲ ಒಂದೇ ಭಾನುವಾರ ಮಾಡಿ "ಸರಿಹೋಯ್ತು" ಅಂದ್ರೆ ಏನು ಸರಿಹೋಯ್ತು ಅಂತ ನಿಮಗೇ ಗೊತ್ತಿರಲ್ಲ. ಆಫ್ ಆದ ಟೈಮ್ ಒಂದು ಚೀಟಿ ಮೇಲೆ ಬರ್ದಿಡಿ. ನಾನು ಬರ್ದಿದ್ದಿದ್ರೆ ಏಳು, ಏಳು ಐದು, ಆರು ಐವತ್ತೈದು ಅಂತ ಸಾಲಾಗಿ ಕಾಣ್ತಿತ್ತು.

ಇನ್ನೊಂದು ಮಾತು, ಹಾಸ್ಟೆಲ್ ಮತ್ತು ಪಿಜಿಯಲ್ಲಿರೋರಿಗೆ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಲ್ಲಿ ಪಿಸಿ, ಇಸ್ತ್ರಿಪೆಟ್ಟಿಗೆ, ಕೆಟಲ್ ಹಾಕಿ "ಗೇಮ್ ಆಡುವಾಗ ಆಫ್ ಆಗುತ್ತೆ" ಅಂತ ಕೇಳಬೇಡಿ. ಆಡಿದ್ಮೇಲೆ ಪ್ಲಗ್ ಮುಟ್ಟಿ ನೋಡಿ. ಬಿಸಿ ಇದ್ರೆ, ಸುತ್ತ ಕಪ್ಪು ಕಲೆ ಇದ್ರೆ, ಸುಟ್ಟ ವಾಸನೆ ಬಂದ್ರೆ ಅವತ್ತೇ ಬಳಸೋದು ನಿಲ್ಲಿಸಿ. ಮೂರನೇ ಪಿನ್ ಕಿತ್ತು ಎರಡು ಪಿನ್ ಸಾಕೆಟ್ಟಿಗೆ ತುರುಕಿದೋರು ಯಾರು ಅಂತ ನನಗೆ ಗೊತ್ತು, ಹೆಸರು ಹೇಳಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನೋದು ಗೇಮಿಂಗ್ ಫೀಲ್ ಅಲ್ಲ ಗುರು, ಅರ್ತಿಂಗ್ ಇಲ್ಲ ಅಂತ.

(6/6)
"ನಮಗೆ ಇಷ್ಟೆಲ್ಲ ಟೈಮ್ ಎಲ್ಲಿದೆ, ಅಂಗಡಿಗೆ ಕೊಟ್ಟರೆ ಆಯ್ತು" ಅಂತ ಕೆಲವರು ಮೆಸೇಜ್ ಮಾಡಿದ್ದೀರಿ. ಕೊಡಿ, ತಪ್ಪಿಲ್ಲ. ಆದ್ರೆ ನಿಮ್ಮ ಮನೆಯ ವೋಲ್ಟೇಜು, ನಿಮ್ಮ ಬೋರ್ಡು, ನಿಮ್ಮಮ್ಮನ ಮೋಟ್ರು ಅಂಗಡಿಗೆ ಬರಲ್ಲ. ಅದನ್ನ ನೋಡಬಲ್ಲೋರು ನೀವೊಬ್ಬರೇ. ನೋಡಿದ್ದನ್ನ ನಾಲ್ಕು ಸಾಲು ಬರ್ಕೊಂಡು ಹೋದ್ರೆ ಅಂಗಡಿಯವರ ಊಹೆಯೂ ಕಡಿಮೆ ಆಗುತ್ತೆ, ನಿಮ್ಮ ಬಿಲ್ಲೂ.

ಈಗ ನನ್ನ ಪಿಸಿ ಗೋಡೆಯ ಸಾಕೆಟ್ಟಿಗೇ ಇದೆ, ಮಧ್ಯೆ ಒಂದು ಒಳ್ಳೆ ಸ್ಪೈಕ್ ಬಸ್ಟರ್. ಕರೆಂಟ್ ಹೋದ್ರೆ ಆಫ್ ಆಗುತ್ತೆ, ಆಗ್ಲಿ, ಸೇವ್ ಮಾಡ್ಕೊಂಡು ಆಡ್ತೀನಿ. ಯುಪಿಎಸ್‌ಗೆ 12 ವೋಲ್ಟಿನ ಹೊಸ ಬ್ಯಾಟರಿ ಹಾಕಿಸಿ ವೈಫೈ ರೌಟರಿಗೆ ಕೊಟ್ಟಿದ್ದೀನಿ, ಹಳೇ ಬ್ಯಾಟರಿ ಅಂಗಡಿಗೇ ವಾಪಸ್. ಅಮ್ಮ ಮೋಟ್ರು ಹಾಕೋ ಮುಂಚೆ ಈಗಲೂ "ಹಾಕ್ಲೇನೋ?" ಅಂತ ಕೂಗಿ ಕೇಳ್ತಾರೆ.

ಅಕ್ಕನಿಗೆ 5,400ರಲ್ಲಿ 2,000 ವಾಪಸ್ ಕೊಟ್ಟೆ. ಹಳೇ 550 ವ್ಯಾಟಿನ ಎಸ್‌ಎಂಪಿಎಸ್ ಕ್ಲಾಸಲ್ಲಿ ಯಾರಿಗಾದ್ರೂ ಟೆಸ್ಟ್ ಮಾಡೋಕೆ ಬೇಕಿದ್ರೆ ಮೆಸೇಜ್ ಮಾಡಿ, ಕೇಬಲ್ ಸಮೇತ ಕೊಡ್ತೀನಿ. ಕೊಳ್ಳೋರಿದ್ರೆ ಇನ್ನೂ ಒಳ್ಳೇದು, ಬಾಕಿ 3,400 ತೀರಿಸಬೇಕು.